ಜೋಂಗಾ ಆಕ್ಸಲ್ ಹಾಕಿದ ಮೇಲೆ ಬ್ರೇಕ್ ಪೆಡಲ್ ಕೆಳಗೇ ಹೋಗುತ್ತಿದೆ, ಯಾರಾದರೂ ದಾರಿ ಹೇಳಿ

ಬನಶಂಕರಿ ಜೀಪು:
ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಬರೆಯುತ್ತಿದ್ದೇನೆ, ದಯವಿಟ್ಟು ಪೂರ್ತಿ ಓದಿ. ನನ್ನದು ಹಳೇ ಮಹೀಂದ್ರಾ ಸಿಜೆ 3ಬಿ, ಡೀಸೆಲ್ ಎಂಜಿನ್. ಕನಕಪುರ ಕಡೆ ಸ್ನೇಹಿತರ ತೋಟದಲ್ಲಿ ಬಂಡೆ ಹತ್ತುವಾಗ ಹಿಂದಿನ ಆಕ್ಸಲ್ ಶಾಫ್ಟ್ ಎರಡು ಸಲ ಮುರಿಯಿತು. ಸಾಕಾಗಿ ಹೋಗಿ ಜೋಂಗಾದ ಎರಡೂ ಆಕ್ಸಲ್ ಹುಡುಕಿ ತಂದು ಹಾಕಿಸಿದೆ. ಜೋಂಗಾ ನೋಡದವರಿಗೆ ಹೇಳುತ್ತೇನೆ, ಅದು ನಿಸ್ಸಾನ್ ಪ್ಯಾಟ್ರೋಲ್ 60 ಗಾಡಿಯನ್ನು ಲೈಸೆನ್ಸ್ ಪಡೆದು ಜಬಲ್ಪುರದಲ್ಲಿ ನಮ್ಮ ಸೇನೆಗಾಗಿ ಮಾಡುತ್ತಿದ್ದದ್ದು. ಆಕ್ಸಲ್ ಅಂದರೆ ಆಕ್ಸಲ್, ಎತ್ತಿದರೇ ಗೊತ್ತಾಗುತ್ತದೆ. ವೀಲ್ ಬೋಲ್ಟ್ ಐದರಿಂದ ಆರಾಯಿತು, ಟೈರ್ 29 ಇಂಚಿನಿಂದ 33 ಇಂಚಿಗೆ ಹೋಯಿತು.

ಆಕ್ಸಲ್ ಜೊತೆ ಬಂದದ್ದು ನಾಲ್ಕೂ ಕಡೆ ಡ್ರಮ್, ಅಂದರೆ ಒಳಗಿನ ಶೂಗಳು ಹೊರಕ್ಕೆ ಒತ್ತಿ ಹಿಡಿಯುವ ಬ್ರೇಕ್. ಒಂದು ಹಳ್ಳ ದಾಟಿದರೆ ಆಮೇಲೆ ಬ್ರೇಕೇ ಇಲ್ಲ. ಹಾಗಾಗಿ ಮುಂದೆ ಡಿಸ್ಕ್ ಹಾಕಿಸಿದೆ. ಪಿಕಪ್ ಗಾಡಿಯ ಕ್ಯಾಲಿಪರ್ (ಪ್ಯಾಡ್ ಅನ್ನು ಡಿಸ್ಕಿಗೆ ಒತ್ತುವ ಭಾಗ), ಒಂದೊಂದರಲ್ಲಿ 45 ಮಿ.ಮೀ.ನ ಎರಡು ಪಿಸ್ಟನ್. ಹಿಂದೆ ಡ್ರಮ್ಮೇ ಇದೆ. ಪೆಡಲ್ ಒತ್ತಿದಾಗ ಬ್ರೇಕ್ ಆಯಿಲ್ ತಳ್ಳುವ ಮಾಸ್ಟರ್ ಸಿಲಿಂಡರ್ ಮಾತ್ರ ಹಳೆಯದು, ಕಾಲಡಿಯ ಪ್ಲೇಟಿನ ಕೆಳಗೆ. ಅದನ್ನು ಹಿಂದಿನ ಮಾಲೀಕರು ಯಾವುದೋ ಗಾಡಿಯಿಂದ ತಂದು ಹಾಕಿದ್ದರು. ಒಂದೇ ಸರ್ಕ್ಯೂಟ್, ನಾಲ್ಕೂ ಚಕ್ರಕ್ಕೆ ಅದೇ.

ಈಗ ತೊಂದರೆ ಏನೆಂದರೆ, ಪೆಡಲ್ ಮೊದಲ ಸಲ ಒತ್ತಿದರೆ ನೆಲಕ್ಕೆ ಎರಡು ಬೆರಳು ಇರುವಷ್ಟು ಕೆಳಗೆ ಹೋಗುತ್ತದೆ. ಎರಡು ಸಲ ಪಂಪ್ ಮಾಡಿದರೆ ಮೇಲೆ ಬರುತ್ತದೆ. ಕಳೆದ ಭಾನುವಾರ ತೋಟದ ಇಳಿಜಾರಿನಲ್ಲಿ ಪಂಪ್ ಮಾಡುವಷ್ಟು ಸಮಯ ಸಿಗಲಿಲ್ಲ. ಬದುವಿಗೆ ಗುದ್ದಿ ನಿಂತೆ. ಪಕ್ಕದಲ್ಲಿ ನನ್ನ ತಮ್ಮ ಕೂತಿದ್ದ. ಇಬ್ಬರಿಗೂ ಏನೂ ಆಗಲಿಲ್ಲ, ಆದರೆ ಆ ಮೂರು ಸೆಕೆಂಡು ಇನ್ನೂ ಕಣ್ಣ ಮುಂದಿದೆ. ಅವತ್ತಿನಿಂದ ಗಾಡಿ ತೆಗೆದಿಲ್ಲ.

ಇನ್ನೊಂದು, ಹದಿನೈದು ನಿಮಿಷ ಓಡಿಸಿದರೆ ಮುಂದಿನ ಡಿಸ್ಕ್ ಸುಡುತ್ತದೆ. ವಾಸನೆ ಬರುತ್ತದೆ. ಕೆಲಸ ಮಾಡಿದ ಗ್ಯಾರೇಜಿನವರು ಏರ್ ತೆಗೆದರೆ ಸರಿಹೋಗುತ್ತದೆ ಅಂತ ನಾಲ್ಕು ಸಲ ಬ್ಲೀಡ್ ಮಾಡಿದರು. ಏನೂ ಬದಲಾಗಲಿಲ್ಲ. ಇನ್ನೂ ದೊಡ್ಡ ಕ್ಯಾಲಿಪರ್ ಹಾಕಿಸಬೇಕಾ?

ಯಲಹಂಕ ಲೆಕ್ಕ:
ಮೊದಲು ಇಬ್ಬರೂ ಸುರಕ್ಷಿತವಾಗಿದ್ದೀರಲ್ಲ, ಅದು ದೊಡ್ಡದು. ದಯವಿಟ್ಟು ಈಗಲೇ ಏನೂ ಕೊಳ್ಳಬೇಡಿ. ದೊಡ್ಡ ಕ್ಯಾಲಿಪರ್ ಹಾಕಿದರೆ ಪೆಡಲ್ ಇನ್ನೂ ಕೆಳಗೆ ಹೋಗುತ್ತದೆ. ನಿಮಗಿರುವುದು ಎರಡು ಬೇರೆ ಬೇರೆ ತೊಂದರೆ. ಪೆಡಲ್ ಕೆಳಗೆ ಹೋಗುವುದು ಒಂದು, ಡಿಸ್ಕ್ ಬಿಸಿಯಾಗುವುದು ಇನ್ನೊಂದು. ಎರಡನ್ನೂ ಒಂದೇ ಅಂದುಕೊಂಡರೆ ನಾಲ್ಕಲ್ಲ, ನಲವತ್ತು ಸಲ ಬ್ಲೀಡ್ ಮಾಡಿದರೂ ಅಷ್ಟೇ.

ನನಗೆ ಎರಡು ಅಳತೆ ಬೇಕು. ಮಾಸ್ಟರ್ ಸಿಲಿಂಡರಿನ ಬೋರ್, ಅಂದರೆ ಒಳವ್ಯಾಸ, ಎಷ್ಟು? ಪೆಡಲ್ ರೇಶಿಯೋ ಎಷ್ಟು? ರೇಶಿಯೋ ಅಂದರೆ ಪೆಡಲಿನ ಪಿನ್ನಿನಿಂದ ಕಾಲಿಡುವ ಜಾಗಕ್ಕೆ ಎಷ್ಟು ದೂರವೋ ಅದನ್ನು, ಅದೇ ಪಿನ್ನಿನಿಂದ ಮಾಸ್ಟರನ್ನು ತಳ್ಳುವ ಪುಶ್‌ರಾಡ್ ಸೇರುವ ಜಾಗದ ದೂರದಿಂದ ಭಾಗಿಸಿ. ಟೇಪ್ ಹಿಡಿದು ಅಳೆದರೆ ಸಾಕು.

ಹಳೇ ಡ್ರೈವರ್:
ತಮ್ಮಾ, ಒಂದು ಸಣ್ಣ ವಿಷಯ ನೋಡು. ಕ್ಯಾಲಿಪರಿನ ಬ್ಲೀಡ್ ನಿಪ್ಪಲ್, ಅಂದರೆ ಗಾಳಿ ಹೊರಬಿಡುವ ತಿರುಪು, ಯಾವ ಕಡೆ ಇದೆ? ಅದು ಎಲ್ಲಕ್ಕಿಂತ ಮೇಲಿರಬೇಕು. ಗಾಳಿ ಯಾವಾಗಲೂ ಮೇಲೇ ಕೂರುತ್ತದೆ. ಎಡಗಡೆಯದ್ದು ಬಲಕ್ಕೆ, ಬಲಗಡೆಯದ್ದು ಎಡಕ್ಕೆ ಹಾಕಿದರೆ ನಿಪ್ಪಲ್ ಕೆಳಗೆ ಬರುತ್ತದೆ. ಆಮೇಲೆ ಎಷ್ಟು ಬಾಟಲಿ ಆಯಿಲ್ ಹೊರಗೆ ಬಂದರೂ ಗಾಳಿ ಒಳಗೇ ಇರುತ್ತದೆ. ಬೇರೆ ಗಾಡಿಯ ಕ್ಯಾಲಿಪರ್ ಹಾಕುವಾಗ ಅದನ್ನು ಕೂರಿಸುವ ಬ್ರಾಕೆಟ್ ಸುಲಭವಾಗಲಿ ಅಂತ ಹೀಗೆ ಮಾಡಿಬಿಡುತ್ತಾರೆ.

ಬನಶಂಕರಿ ಜೀಪು:
ಅಣ್ಣ, ಈಗಷ್ಟೇ ಟಾರ್ಚ್ ಹಿಡಿದು ನೋಡಿ ಬಂದೆ. ಎರಡೂ ನಿಪ್ಪಲ್ ಕೆಳಗಿವೆ! ನಾಲ್ಕು ಸಲ ಬ್ಲೀಡ್ ಮಾಡಿದವರಲ್ಲಿ ಒಬ್ಬರೂ ಇದನ್ನು ನೋಡಲಿಲ್ಲವಲ್ಲ ಅಂತ ಬೇಜಾರಾಯಿತು. ನಾನೂ ನೋಡಲಿಲ್ಲ ಬಿಡಿ. ನಾಳೆ ಅದಲು ಬದಲು ಮಾಡುತ್ತೇನೆ.

ಅಳತೆ: ಮಾಸ್ಟರ್ ಬೋರ್ 19.05 ಮಿ.ಮೀ., ಅಂದರೆ ಮುಕ್ಕಾಲು ಇಂಚು. ಪೆಡಲ್ ರೇಶಿಯೋ 6.

ಬನಶಂಕರಿ ಜೀಪು:
ಎರಡು ದಿನದ ನಂತರ. ಕ್ಯಾಲಿಪರ್ ಅದಲು ಬದಲು ಆಯಿತು, ಏರ್ ತೆಗೆದಾಯಿತು. ಸ್ಪಂಜಿನ ಹಾಗೆ ಮೆತ್ತಗಿದ್ದದ್ದು ಹೋಯಿತು. ಪೆಡಲ್ ಗಟ್ಟಿಯಾಗಿದೆ, ಆದರೆ ಇನ್ನೂ ತುಂಬಾ ಕೆಳಗೆ ಹೋಗಿಯೇ ಗಟ್ಟಿಯಾಗುತ್ತದೆ. ಡಿಸ್ಕ್ ಬಿಸಿಯಾಗುವುದು ಹಾಗೇ ಇದೆ.

ಯಲಹಂಕ ಲೆಕ್ಕ:
ಸರಿ, ಈಗ ಲೆಕ್ಕ ಹಾಕೋಣ. ಕಷ್ಟವೇನಿಲ್ಲ, ಮೊಬೈಲ್ ಕ್ಯಾಲ್ಕುಲೇಟರ್ ಸಾಕು.

45 ಮಿ.ಮೀ. ಪಿಸ್ಟನ್ ಒಂದರ ವಿಸ್ತೀರ್ಣ ಸುಮಾರು 1590 ಚದರ ಮಿ.ಮೀ. ಎರಡು ಚಕ್ರಕ್ಕೆ ಸೇರಿ ನಾಲ್ಕು ಪಿಸ್ಟನ್, 6360. ಪ್ಯಾಡ್ ಡಿಸ್ಕಿಗೆ ಒತ್ತಿಕೊಳ್ಳುವಷ್ಟರಲ್ಲಿ ಪಿಸ್ಟನ್ ಅರ್ಧ ಮಿ.ಮೀ. ಸರಿಯಿತು ಅಂದುಕೊಳ್ಳಿ. ಆಗ 3180 ಘನ ಮಿ.ಮೀ. ಆಯಿಲ್ ಬೇಕು. ನಿಮ್ಮ ಮಾಸ್ಟರಿನ ವಿಸ್ತೀರ್ಣ 285. ಭಾಗಿಸಿದರೆ ಅದರ ಪಿಸ್ಟನ್ 11 ಮಿ.ಮೀ. ಮುಂದೆ ಹೋಗಬೇಕು. ಪೆಡಲ್ ರೇಶಿಯೋ 6, ಹಾಗಾಗಿ ನಿಮ್ಮ ಕಾಲು 67 ಮಿ.ಮೀ. ಕೆಳಗೆ ಹೋಗಬೇಕು. ಇದು ಮುಂದಿನ ಡಿಸ್ಕಿಗೆ ಮಾತ್ರ. ಹಿಂದಿನ ಡ್ರಮ್ ಬೇರೆ, ಹೋಸ್ ಉಬ್ಬುವುದು ಬೇರೆ. ಪೆಡಲ್ ನೆಲ ಮುಟ್ಟದೆ ಇನ್ನೇನು ಮಾಡುತ್ತದೆ? ನಿಮ್ಮ ಕ್ಯಾಲಿಪರ್ ಚೆನ್ನಾಗಿದೆ. ಅದಕ್ಕೆ ಬೇಕಾದಷ್ಟು ಆಯಿಲ್ ಕೊಡುವ ಮಾಸ್ಟರ್ ಇಲ್ಲ, ಅಷ್ಟೇ.

ಬಿಸಿಯಾಗುವುದಕ್ಕೆ ಬರೋಣ. ಡ್ರಮ್ ಗಾಡಿಯ ಹಳೇ ಮಾಸ್ಟರ್‌ಗಳ ಬಾಯಲ್ಲಿ ಒಂದು ಸಣ್ಣ ವಾಲ್ವ್ ಇರುತ್ತದೆ, ರೆಸಿಡ್ಯುಯಲ್ ವಾಲ್ವ್. ಕಾಲು ತೆಗೆದ ಮೇಲೂ ಲೈನಿನಲ್ಲಿ 10 ಪಿಎಸ್ಐ ಆಸುಪಾಸಿನ ಒತ್ತಡ ಹಿಡಿದಿಡುತ್ತದೆ. ಡ್ರಮ್ಮಿನಲ್ಲಿ ಶೂಗಳನ್ನು ಎಳೆಯುವ ಗಟ್ಟಿ ಸ್ಪ್ರಿಂಗ್ ಇರುವುದರಿಂದ ತೊಂದರೆ ಇಲ್ಲ. ಡಿಸ್ಕಿನಲ್ಲಿ ಅಂಥ ಸ್ಪ್ರಿಂಗ್ ಇಲ್ಲ. ಆ 10 ಪಿಎಸ್ಐ ಸಾಕು, ಪ್ಯಾಡ್ ಸದಾ ಉಜ್ಜುತ್ತಲೇ ಇರುತ್ತದೆ. ಡಿಸ್ಕಿಗೆ 2 ಪಿಎಸ್ಐ ವಾಲ್ವ್ ಬೇರೆ ಬರುತ್ತದೆ, ಅದೂ ಮಾಸ್ಟರ್ ಕ್ಯಾಲಿಪರಿಗಿಂತ ಕೆಳಗಿದ್ದರೆ ಮಾತ್ರ ಬೇಕು, ಆಯಿಲ್ ವಾಪಸ್ ಹರಿದು ಬರದಿರಲಿ ಅಂತ. ಮಾಸ್ಟರ್ ಮೇಲೆ, ಎಂಜಿನ್ ಮತ್ತು ಕ್ಯಾಬಿನ್ ನಡುವಿನ ತಗಡು ಗೋಡೆಯಾದ ಫೈರ್‌ವಾಲ್‌ನಲ್ಲಿದ್ದರೆ ಡಿಸ್ಕ್ ಲೈನಿಗೆ ಯಾವುದೂ ಬೇಡ.

ಪರೀಕ್ಷೆ ಸುಲಭ. ಗಾಡಿ ಬಿಸಿಯಾದಾಗ ಮುಂದಿನ ಚಕ್ರ ಜಾಕ್ ಹಾಕಿ ಎತ್ತಿ, ಕೈಯಲ್ಲಿ ತಿರುಗಿಸಿ. ಬಿಗಿಯಾಗಿದ್ದರೆ ಬ್ಲೀಡ್ ನಿಪ್ಪಲ್ ಸ್ವಲ್ಪ ಸಡಿಲಿಸಿ. ಆಯಿಲ್ ಚಿಮ್ಮಿ ಚಕ್ರ ಸಡಿಲವಾದರೆ ಲೈನಿನಲ್ಲಿ ಒತ್ತಡ ನಿಂತಿದೆ ಅಂತಲೇ ಅರ್ಥ. ಕಾರಣ ಆ ವಾಲ್ವ್ ಇರಬಹುದು, ಇಲ್ಲದಿದ್ದರೆ ಪುಶ್‌ರಾಡ್ ಉದ್ದವಾಗಿ ಮಾಸ್ಟರಿನ ಸಣ್ಣ ರಂಧ್ರ ಮುಚ್ಚಿಕೊಂಡಿರಬಹುದು. ಪುಶ್‌ರಾಡಿಗೆ ಒಂದು ಚೂರು ಆಟ ಇರಲೇಬೇಕು.

ಪೀಣ್ಯ ಲೇತ್:
ಲೆಕ್ಕ ಚೆನ್ನಾಗಿದೆ ಸರ್. ನಾನು ಕಬ್ಬಿಣದ ಕಡೆಯಿಂದ ಹೇಳುತ್ತೇನೆ. ನೀವು ಕಳಿಸಿದ ಬ್ರಾಕೆಟ್ ಫೋಟೋ ನೋಡಿದೆ, 8 ಮಿ.ಮೀ. ಪ್ಲೇಟ್ ಅನಿಸುತ್ತದೆ. ಒಬ್ಬರನ್ನು ಕೂರಿಸಿ ಪೆಡಲ್ ಜೋರಾಗಿ ಒತ್ತಿಸಿ, ನೀವು ಕ್ಯಾಲಿಪರ್ ನೋಡಿ. ಅದು ಓರೆಯಾಗಿ ವಾಲಿದರೆ ಪೆಡಲಿನ ಅರ್ಧ ದೂರ ಅಲ್ಲೇ ಕಳೆದುಹೋಗುತ್ತಿದೆ. ನಾನಾಗಿದ್ದರೆ 12 ಮಿ.ಮೀ.ಗೆ ಕಡಿಮೆ ಹಾಕುತ್ತಿರಲಿಲ್ಲ. ಬೋಲ್ಟ್ 10.9 ಗ್ರೇಡ್ ಇರಲಿ, ತಲೆಯ ಮೇಲೆ ನಂಬರ್ ಅಚ್ಚಾಗಿರುತ್ತದೆ. ನಂಬರೇ ಇಲ್ಲದ ಬೋಲ್ಟ್ ಬ್ರೇಕಿಗೆ ಬೇಡವೇ ಬೇಡ.

ಇನ್ನೊಂದು ಮಾತು, ಸ್ಟೀರಿಂಗ್ ಜೊತೆ ತಿರುಗುವ ನಕಲ್‌ಗೆ ಬ್ರಾಕೆಟ್ ವೆಲ್ಡ್ ಮಾಡಿಸಬೇಡಿ. ಹಬ್ ತಿರುಗುವ ಸ್ಟಬ್ ಆಕ್ಸಲ್ ಕೂರುವ ಬೋಲ್ಟುಗಳ ಜಾಗದಲ್ಲೇ ಬ್ರಾಕೆಟ್ ಕೂರಿಸಿ. ಡಿಸ್ಕಿನ ನಡುವಿನ ತೂತು ಹಬ್ಬಿನ ಮೇಲೆ ಸರಿಯಾಗಿ ಕೂರಬೇಕು, ಸ್ಟಡ್‌ಗಳ ಮೇಲೆ ಭಾರ ಬಿಡಬಾರದು. ಲೇತ್‌ನಲ್ಲಿ ಒಂದು ರಿಂಗ್ ತಿರುಗಿಸಿ ಹಾಕಿದರೆ ಮುಗಿಯಿತು. ಡಯಲ್ ಗೇಜ್ ಇಟ್ಟು ಡಿಸ್ಕ್ ಓಲಾಡುತ್ತದೆಯಾ ನೋಡಿ, ಒಂದು ಮಿ.ಮೀ.ನ ಹತ್ತನೇ ಒಂದು ಭಾಗಕ್ಕಿಂತ ಜಾಸ್ತಿ ಇದ್ದರೆ ಪ್ಯಾಡನ್ನು ಹಿಂದಕ್ಕೆ ತಳ್ಳುತ್ತಿರುತ್ತದೆ. ಆಗಲೂ ಮೊದಲ ಒತ್ತಿಗೆ ಪೆಡಲ್ ಕೆಳಗೇ.

ಸಕಲೇಶಪುರ ಕೆಸರು:
ನನ್ನದು ಬೇರೆ ಅಭಿಪ್ರಾಯ. ನಮ್ಮ ಕಡೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕೆಸರೇ ಕೆಸರು. ಡಿಸ್ಕ್ ಹಾಕಿದ ಸ್ನೇಹಿತರು ಒಂದು ಮಳೆಗಾಲಕ್ಕೆ ಎರಡು ಸೆಟ್ ಪ್ಯಾಡ್ ಬದಲಾಯಿಸಿದ್ದಾರೆ. ಕೆಸರು ಅಂದರೆ ಮರಳುಕಾಗದ ಇದ್ದ ಹಾಗೆ. ಡ್ರಮ್ ಚೆನ್ನಾಗಿ ಅಡ್ಜಸ್ಟ್ ಮಾಡಿಟ್ಟುಕೊಂಡರೆ ಸಾಕಾಗುತ್ತದೆ. ಇನ್ನು ದೊಡ್ಡ ಮಾಸ್ಟರ್ ಹಾಕಿದರೆ ಎಂಜಿನ್ ಓಡುವಾಗ ವ್ಯಾಕ್ಯೂಮ್ ಬಳಸಿ ಕಾಲಿನ ಬಲ ಹೆಚ್ಚಿಸುವ ಬೂಸ್ಟರ್ ಬೇಕೇ ಬೇಕು. ಬೂಸ್ಟರ್ ನಂಬಿ ಬೆಟ್ಟ ಹತ್ತುವುದು ನನಗೆ ಭಯ. ನಡುವೆ ಎಂಜಿನ್ ಆಫ್ ಆದರೆ ಎರಡು ಮೂರು ಸಲ ಒತ್ತುವಷ್ಟರಲ್ಲಿ ವ್ಯಾಕ್ಯೂಮ್ ಖಾಲಿ. ಆಮೇಲೆ ಪೆಡಲ್ ಕಲ್ಲು. ಹಿಂದೆ ಕಣಿವೆ.

ಹಳೇ ಡ್ರೈವರ್:
ಮಳೆಯ ಮಾತು ನಿಜ. ಆದರೆ ಹತ್ತಲಾಗದೆ ಹಿಂದಕ್ಕೆ ಜಾರುವಾಗ ಏನಾಗುತ್ತದೆ ಯೋಚಿಸು. ಮುಂದಿನ ಡ್ರಮ್ಮಿನಲ್ಲಿ ಎರಡೂ ಲೀಡಿಂಗ್ ಶೂ, ಅಂದರೆ ಡ್ರಮ್ ತಿರುಗುವ ದಿಕ್ಕಿಗೇ ಒತ್ತುವ ಶೂ, ಇದ್ದರೆ ಮುಂದಕ್ಕೆ ಹೋಗುವಾಗ ತಾನಾಗಿಯೇ ಕಚ್ಚಿ ಹಿಡಿಯುತ್ತದೆ. ಹಿಂದಕ್ಕೆ ಉರುಳುವಾಗ ಅದೇ ಶೂ ಟ್ರೇಲಿಂಗ್ ಆಗುತ್ತದೆ, ಹಿಡಿತ ಬಿದ್ದೇಹೋಗುತ್ತದೆ. ಡಿಸ್ಕಿಗೆ ಮುಂದೆ ಹಿಂದೆ ಅಂತ ಭೇದವಿಲ್ಲ. ನಾನು ಲಾರಿ ಓಡಿಸಿದವನು, ಶಿರಾಡಿ ಘಾಟಿಯಲ್ಲಿ ಡ್ರಮ್ ಕಾದು ಬ್ರೇಕ್ ಹೋದದ್ದನ್ನೂ ನೋಡಿದ್ದೇನೆ. ಇಳಿಯುವಾಗ ಗೇರಿನಲ್ಲೇ ಇಳಿಯಬೇಕು, ಅದು ಬೇರೆ ಮಾತು.

ಯಲಹಂಕ ಲೆಕ್ಕ:
ಸಕಲೇಶಪುರದ ಅಣ್ಣ ಹೇಳಿದ್ದೇ ಈ ಚರ್ಚೆಯ ತಿರುಳು ಅಂತ ನನಗೆ ಅನಿಸುತ್ತದೆ. ಎಂಜಿನ್ ಆಫ್ ಆಗಿ ಇಳಿಜಾರಿನಲ್ಲಿ ನಿಂತ ಆ ಹೊತ್ತಿಗೆ ಬ್ರೇಕ್ ಹಿಡಿಯಬೇಕು. ಮಾಸ್ಟರ್ ಆರಿಸುವುದು ಆ ಹೊತ್ತಿನ ಲೆಕ್ಕ ಹಾಕಿಯೇ.

ಕಾಲಿನಿಂದ 30 ಕೆಜಿ ಬಲ ಹಾಕುತ್ತೀರಿ ಅಂತಿಟ್ಟುಕೊಳ್ಳಿ. ಎಲ್ಲರೂ ಹೇಳುವ ಒಂದು ಇಂಚಿನ ಮಾಸ್ಟರ್, ಅಂದರೆ 25.4 ಮಿ.ಮೀ., ಬೂಸ್ಟರ್ ಗಾಡಿಯ 4.5 ರೇಶಿಯೋ ಪೆಡಲ್ ಜೊತೆ ಹಾಕಿದಿರಿ. ಪೆಡಲ್ 28 ಮಿ.ಮೀ. ಹೋದರೆ ಸಾಕು, ಬಹಳ ಸುಖ. ಆದರೆ ಎಂಜಿನ್ ಆಫ್ ಆದಾಗ ಲೈನಿನಲ್ಲಿ ಬರುವ ಒತ್ತಡ ಚದರ ಸೆಂಟಿಮೀಟರಿಗೆ 27 ಕೆಜಿ ಮಾತ್ರ. ಈಗ 22.2 ಮಿ.ಮೀ. ಮಾಸ್ಟರ್, ರೇಶಿಯೋ 5 ನೋಡಿ. ಪೆಡಲ್ 41 ಮಿ.ಮೀ. ಹೋಗುತ್ತದೆ, ಇದೂ ಆರಾಮವೇ. ಬೂಸ್ಟರ್ ಸತ್ತಾಗ ಬರುವ ಒತ್ತಡ 39 ಕೆಜಿ. ಹೆಚ್ಚು ಕಡಿಮೆ ಒಂದೂವರೆ ಪಟ್ಟು. ಅದಕ್ಕೇ ನನ್ನ ಮತ 22.2, ಜೊತೆಗೆ ಬೂಸ್ಟರ್, ಜೊತೆಗೆ ಎರಡು ಸರ್ಕ್ಯೂಟ್. ಒಂದೇ ಸರ್ಕ್ಯೂಟಿನ ಮಾಸ್ಟರ್ ಮಾತ್ರ ದಯವಿಟ್ಟು ಬಿಟ್ಟುಬಿಡಿ. ಒಂದು ಹೋಸ್ ಕಲ್ಲಿಗೆ ತಾಗಿ ಹರಿದರೆ ನಾಲ್ಕೂ ಚಕ್ರ ಹೋಯಿತು.

33 ಇಂಚಿನ ಟೈರನ್ನೂ ಮರೆಯಬೇಡಿ. ಬ್ರೇಕ್ ಅಷ್ಟೇ ಇದ್ದು ಟೈರ್ ಮಾತ್ರ 29ರಿಂದ 33ಕ್ಕೆ ಹೋದರೆ ನೆಲದಲ್ಲಿ ಸಿಗುವ ಹಿಡಿತ 12 ಶೇಕಡ ಕಡಿಮೆಯಾಗುತ್ತದೆ.

ಸಕಲೇಶಪುರ ಕೆಸರು:
39 ಕೆಜಿ ನೋಡಿ ಸಮಾಧಾನ ಆಯಿತು. ಹಾಗಾದರೆ ಒಪ್ಪುತ್ತೇನೆ. ಡೀಸೆಲ್ ಗಾಡಿ ಅಲ್ವಾ, ಆಲ್ಟರ್ನೇಟರ್ ಹಿಂದೆ ವ್ಯಾಕ್ಯೂಮ್ ಪಂಪ್ ಇರುವುದು ಹಾಕಿಸಿ. ಬೂಸ್ಟರಿಗೆ ಹೋಗುವ ಪೈಪಿನಲ್ಲಿ ಒನ್‌ವೇ ವಾಲ್ವ್ ಇದೆಯಾ ನೋಡಿ, ಅದು ಕೆಟ್ಟರೆ ಆ ಎರಡು ಒತ್ತೂ ಸಿಗುವುದಿಲ್ಲ. ಮತ್ತೆ ಹೋಸ್! ಎತ್ತರ ಮಾಡಿದ ಗಾಡಿ. ಆಕ್ಸಲ್ ಪೂರ್ತಿ ಕೆಳಗೆ ಜೋತು ಬಿದ್ದಾಗ, ಸ್ಟೀರಿಂಗ್ ಪೂರ್ತಿ ತಿರುಗಿಸಿದಾಗ, ಎರಡೂ ಸೇರಿಸಿ ಹೋಸ್ ಎಳೆಯುತ್ತದೆಯಾ, ಟೈರಿಗೆ ಉಜ್ಜುತ್ತದೆಯಾ ನೋಡಿಯೇ ಉದ್ದ ತೀರ್ಮಾನಿಸಿ.

ಹೊಸ ಥಾರ್:
ನಾನು ಇದಕ್ಕೆಲ್ಲ ಹೊಸಬ. ನನ್ನ ಹತ್ತಿರ ಈಗಿನ ಥಾರ್ ಇದೆ, ಎಬಿಎಸ್ (ಚಕ್ರ ಲಾಕ್ ಆಗದಂತೆ ತಡೆಯುವ ವ್ಯವಸ್ಥೆ) ಇರುವುದು. ಇದಕ್ಕೂ ಹೀಗೆ ಆಕ್ಸಲ್ ಬದಲಾಯಿಸಬಹುದಾ? ರಸ್ತೆಯಲ್ಲಿ ಪೊಲೀಸರು ಹಿಡಿಯುವುದಿಲ್ಲವಾ?

ಯಲಹಂಕ ಲೆಕ್ಕ:
ನಿಮ್ಮ ಗಾಡಿಗೆ ಬೇಡ ಅಂತಲೇ ಹೇಳುತ್ತೇನೆ. ಎಬಿಎಸ್ ಪ್ರತಿ ಚಕ್ರದ ವೇಗವನ್ನು ಹಬ್ಬಿನ ಹತ್ತಿರದ ಸೆನ್ಸರ್‌ನಿಂದ ಓದುತ್ತದೆ. ಬೇರೆ ಆಕ್ಸಲ್ ಬಂದರೆ ಆ ಸೆನ್ಸರ್ ಇರುವುದಿಲ್ಲ, ಇದ್ದರೂ ಹೊಂದುವುದಿಲ್ಲ. ತಪ್ಪು ವೇಗ ಓದಿ ತಪ್ಪಾದ ಹೊತ್ತಿಗೆ ಬ್ರೇಕ್ ಸಡಿಲಿಸಿದರೆ ಏನು ಗತಿ?

ಕಾನೂನು ಕೇಳಿದಿರಿ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಕಂಪನಿ ಕೊಟ್ಟ ಮೂಲ ವಿವರಕ್ಕೆ ವಿರುದ್ಧವಾಗಿ ಗಾಡಿ ಮಾರ್ಪಾಡು ಮಾಡುವ ಹಾಗಿಲ್ಲ. 2019ರಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಎತ್ತಿ ಹಿಡಿದಿದೆ. 182ಎ ಸೆಕ್ಷನ್‌ನಲ್ಲಿ ಒಂದೊಂದು ಮಾರ್ಪಾಡಿಗೆ ಮಾಲೀಕರಿಗೆ 5000 ರೂಪಾಯಿ ದಂಡ, ಇಲ್ಲವೇ ಆರು ತಿಂಗಳವರೆಗೆ ಜೈಲು, ಇಲ್ಲವೇ ಎರಡೂ ಇದೆ.

ಬನಶಂಕರಿ ಜೀಪು:
ಹೌದು, ಇದನ್ನು ಮೊದಲೇ ಹೇಳಬೇಕಿತ್ತು. ನನ್ನ ಗಾಡಿ ರಸ್ತೆಗೆ ಇಳಿಯುವುದಿಲ್ಲ. ಮನೆಯಿಂದ ತೋಟಕ್ಕೆ ಟೋಯಿಂಗ್ ಲಾರಿಯ ಮೇಲೆ ಹೋಗುತ್ತದೆ, ಅದರ ಮೇಲೇ ವಾಪಸ್ ಬರುತ್ತದೆ. ಖರ್ಚು ಜಾಸ್ತಿ, ಆದರೆ ಹಾಗೆಯೇ ಸರಿ.

ನಾಳೆ ಬೆಂಗಳೂರಿನ ಜೆ.ಸಿ. ರಸ್ತೆಗೆ ಹೋಗುತ್ತಿದ್ದೇನೆ ಮಾಸ್ಟರ್, ಬೂಸ್ಟರ್ ಹುಡುಕಲು. ಪೆಡಲ್ ಸೆಟ್ ಶಿವಾಜಿನಗರ ಗುಜರಿಯಲ್ಲಿ ನೋಡುತ್ತೇನೆ.

ಹಳೇ ಡ್ರೈವರ್:
ಗುಜರಿಯಲ್ಲಿ ಪೆಡಲ್ ತಗೋ, ಬೂಸ್ಟರ್ ಬ್ರಾಕೆಟ್ ತಗೋ. ಮಾಸ್ಟರ್, ಹೋಸ್, ಸೀಲ್ ಮಾತ್ರ ಹೊಸದೇ ತಗೋ. ಪೈಪಿಗೆ ಸ್ಟೀಲ್ ಬ್ರೇಕ್ ಪೈಪೇ ಇರಲಿ, ತುದಿಯನ್ನು ಎರಡು ಮಡಿಕೆಯಾಗಿ ಅರಳಿಸಿ ಡಬಲ್ ಫ್ಲೇರ್ ಮಾಡಿಸು. ಬ್ರೇಕ್ ಆಯಿಲ್ ಡಾಟ್ 4 ದರ್ಜೆಯದು ಹಾಕು, ಸೀಲ್ ಮಾಡಿದ ಡಬ್ಬಿಯಿಂದ. ತೆರೆದಿಟ್ಟ ಡಬ್ಬಿ ಗಾಳಿಯ ತೇವ ಹೀರಿಕೊಂಡಿರುತ್ತದೆ. ಹೊಸ ಡಾಟ್ 4 ಕುದಿಯುವುದು ಕಡಿಮೆಯೆಂದರೂ 230 ಡಿಗ್ರಿಗೆ, ನೀರು ಹೀರಿದ್ದು 155ಕ್ಕೇ ಕುದಿಯಬಹುದು. ಕುದಿದರೆ ಒಳಗೆಲ್ಲ ಆವಿ, ಪೆಡಲ್ ಮತ್ತೆ ನೆಲಕ್ಕೆ.

ಯಲಹಂಕ ಲೆಕ್ಕ:
ಕೊನೆಯದಾಗಿ ಹಿಂದಿನ ಬ್ರೇಕ್. ಸಿಜೆ 3ಬಿ ವೀಲ್‌ಬೇಸ್ 80 ಇಂಚು ಮಾತ್ರ, ಮೇಲೆ ಎತ್ತರ ಬೇರೆ ಮಾಡಿದ್ದೀರಿ. ಬ್ರೇಕ್ ಒತ್ತಿದಾಗ ಭಾರವೆಲ್ಲ ಮುಂದಕ್ಕೆ ಬರುತ್ತದೆ, ಹಿಂಭಾಗ ಹಗುರ. ಹಿಂದಿನ ಚಕ್ರ ಮೊದಲು ಲಾಕ್ ಆದರೆ ಗಾಡಿ ಸುತ್ತಿಬಿಡುತ್ತದೆ. ಹಿಂದಿನ ಲೈನಿಗೆ ಒತ್ತಡ ತಗ್ಗಿಸುವ, ಅಡ್ಜಸ್ಟ್ ಮಾಡಬಹುದಾದ ಪ್ರೊಪೋರ್ಷನಿಂಗ್ ವಾಲ್ವ್ ಹಾಕಿ. ಖಾಲಿ ಜಾಗದಲ್ಲಿ ಒದ್ದೆ ನೆಲದ ಮೇಲೆ 20 ಕಿ.ಮೀ. ವೇಗದಲ್ಲಿ ಜೋರಾಗಿ ಒತ್ತಿ, ಹೊರಗಿನಿಂದ ಒಬ್ಬರು ನೋಡಲಿ. ಮುಂದಿನದು ಮೊದಲು ಲಾಕ್ ಆಗಬೇಕು, ಹಿಂದಿನದು ಅದರ ಬೆನ್ನಿಗೇ. ಹಿಂದಿನದನ್ನು ತೀರಾ ಕಡಿಮೆ ಮಾಡಬೇಡಿ, ಹಿಂದಕ್ಕೆ ಜಾರುವಾಗ ಭಾರ ಇರುವುದೇ ಹಿಂದಿನ ಆಕ್ಸಲ್ ಮೇಲೆ.

ಪಿಕಪ್‌ ಇರುವವರು ಒಂದು ಗಮನಿಸಿ. ಹಿಂದಿನ ಆಕ್ಸಲಿಗೆ ಕಡ್ಡಿ ಕಟ್ಟಿದ ಲೋಡ್ ವಾಲ್ವ್ ಇದ್ದರೆ, ಗಾಡಿ ಎತ್ತರ ಮಾಡಿದ ಕೂಡಲೇ ಅದು ಗಾಡಿ ಖಾಲಿ ಇದೆ ಅಂದುಕೊಂಡು ಹಿಂದಿನ ಬ್ರೇಕ್ ಕಡಿಮೆ ಮಾಡಿಬಿಡುತ್ತದೆ. ಕಡ್ಡಿಯ ಬ್ರಾಕೆಟ್ಟನ್ನೂ ಅಷ್ಟೇ ಸರಿಸಬೇಕು.

ಬನಶಂಕರಿ ಜೀಪು:
ಐದು ವಾರ ಆಯಿತು. ಎಲ್ಲ ಹೇಳುತ್ತೇನೆ.

ಹಳೇ ಮಾಸ್ಟರ್ ಬಿಚ್ಚಿದೆ. ಬಾಯಲ್ಲಿ ರೆಸಿಡ್ಯುಯಲ್ ವಾಲ್ವ್ ಇತ್ತು, ಲೆಕ್ಕದವರು ಹೇಳಿದ ಹಾಗೇ. ಬ್ರಾಕೆಟ್ಟೂ ವಾಲುತ್ತಿತ್ತು. ಪೀಣ್ಯದಲ್ಲಿ 12 ಮಿ.ಮೀ. ಪ್ಲೇಟಿನಲ್ಲಿ ಹೊಸದು ಮಾಡಿಸಿದೆ, ಹಬ್ಬಿಗೆ ರಿಂಗ್ ಹಾಕಿಸಿದೆ. ಮಾಸ್ಟರ್ 22.2, ಎರಡು ಸರ್ಕ್ಯೂಟ್, ಫೈರ್‌ವಾಲ್‌ನಲ್ಲಿ ಬೂಸ್ಟರ್ ಜೊತೆ. ಫೈರ್‌ವಾಲ್ ತಗಡು ತೆಳ್ಳಗಿದ್ದರಿಂದ ಒಳಗಡೆ ಒಂದು ಪ್ಲೇಟ್ ಕೊಟ್ಟು ಬಿಗಿ ಮಾಡಬೇಕಾಯಿತು. ಮೊದಲ ದಿನ ಅದೂ ಬಾಗುತ್ತಿತ್ತು, ಕೈಯಿಟ್ಟರೆ ಗೊತ್ತಾಗುತ್ತಿತ್ತು. ಪೆಡಲ್ ರೇಶಿಯೋ ಅಳೆದಾಗ 4.6 ಬಂತು, ಪುಶ್‌ರಾಡಿಗೆ ಹೊಸ ತೂತು ಕೊರೆಸಿ 5 ಮಾಡಿಸಿದೆ.

ಈಗ ಪೆಡಲ್ ಮೊದಲ ಒತ್ತಿಗೇ ಹಿಡಿಯುತ್ತದೆ. ಅರ್ಧ ಗಂಟೆ ಓಡಿಸಿದ ಮೇಲೂ ಮುಂದಿನ ಚಕ್ರ ಕೈಯಲ್ಲಿ ತಿರುಗುತ್ತದೆ. ಹೊಸ ಪ್ಯಾಡ್ ಹೊಂದಿಕೊಳ್ಳಲಿ ಅಂತ ಮೊದಲು ಮೆಲ್ಲಗೆ, ಆಮೇಲೆ ಜೋರಾಗಿ, ಬಿಟ್ಟು ಬಿಟ್ಟು ಇಪ್ಪತ್ತು ಸಲ ಬ್ರೇಕ್ ಹಾಕಿದೆ. ಮೊನ್ನೆ ಅದೇ ಇಳಿಜಾರಿಗೆ ಹೋದೆ. ಮೇಲಿನ ಮರಕ್ಕೆ ವಿಂಚ್ ಹಗ್ಗ ಕಟ್ಟಿ, ತಮ್ಮನನ್ನು ಕೆಳಗಿಳಿಸಿ, ನಡು ಇಳಿಜಾರಿನಲ್ಲಿ ಬೇಕಂತಲೇ ಎಂಜಿನ್ ಆಫ್ ಮಾಡಿದೆ. ಮೂರು ಸಲ ಒತ್ತಿ ವ್ಯಾಕ್ಯೂಮ್ ಖಾಲಿ ಮಾಡಿದೆ. ನಾಲ್ಕನೇ ಸಲ ಕಾಲು ಬಿಗಿಯಾಗಿ ಒತ್ತಬೇಕಾಯಿತು, ಆದರೆ ಗಾಡಿ ನಿಂತಿತು. ಅಲ್ಲೇ ನಿಂತಿತ್ತು. ಕಣ್ಣಲ್ಲಿ ನೀರು ಬಂತು, ನಿಜವಾಗಿ. ನಿಮ್ಮೆಲ್ಲರಿಗೂ ಥ್ಯಾಂಕ್ಸ್.

ಸಕಲೇಶಪುರ ಕೆಸರು:
ಓದಿ ಬಹಳ ಖುಷಿಯಾಯಿತು. ಹ್ಯಾಂಡ್‌ಬ್ರೇಕ್ ಏನು ಮಾಡಿದಿರಿ? ಎಂಜಿನ್ ಶಕ್ತಿಯನ್ನು ಎರಡೂ ಆಕ್ಸಲಿಗೆ ಹಂಚುವ ಟ್ರಾನ್ಸ್‌ಫರ್ ಕೇಸ್ ಹಿಂದಿನ ಡ್ರಮ್ ಆದರೆ ಎಚ್ಚರ. ಅದು ಹಿಡಿಯುವುದು ಹಿಂದಿನ ಆಕ್ಸಲಿಗೆ ಹೋಗುವ ಪ್ರೊಪೆಲ್ಲರ್ ಶಾಫ್ಟನ್ನು. ಎರಡೂ ಚಕ್ರ ಒಟ್ಟಿಗೇ ತಿರುಗುವಂತೆ ಮಾಡುವ ಡಿಫರೆನ್ಶಿಯಲ್ ಲಾಕ್ ಇಲ್ಲದೆ ಹಿಂದಿನ ಒಂದು ಚಕ್ರ ಗಾಳಿಯಲ್ಲಿದ್ದರೆ ಅದು ತಿರುಗಿಕೊಂಡು ಗಾಡಿ ಉರುಳುತ್ತದೆ. ಜಾಕ್ ಹಾಕುವಾಗ ಚಕ್ರಕ್ಕೆ ಕಲ್ಲು ಕೊಡದೆ ಇರಬೇಡಿ.

ಬನಶಂಕರಿ ಜೀಪು:
ಅದೇ ಡ್ರಮ್ ಇದೆ ಅಣ್ಣ. ಹಿಂದಿನ ಆಕ್ಸಲ್ ಡ್ರಮ್ಮಿಗೇ ಕೇಬಲ್ ಎಳೆಯಲು ಆಗುತ್ತದಾ ಅಂತ ನೋಡುತ್ತಿದ್ದೇನೆ. ಅಲ್ಲಿಯವರೆಗೆ ಎರಡು ಮರದ ಗುಟ್ಟ ಸೀಟಿನ ಕೆಳಗೇ ಇಟ್ಟಿದ್ದೇನೆ.

ಹೊಸ ಥಾರ್:
ಬ್ರಾಕೆಟ್ ಡ್ರಾಯಿಂಗ್ ಇಲ್ಲಿ ಹಾಕುತ್ತೀರಾ? ನಮ್ಮ ಮಾವನ ಹತ್ತಿರ ಜೋಂಗಾ ಇದೆ.

ಬನಶಂಕರಿ ಜೀಪು:
ಹಾಕುವುದಿಲ್ಲ, ತಪ್ಪು ತಿಳಿಯಬೇಡಿ. ಅದು ನನ್ನ ಹಬ್, ನನ್ನ ಡಿಸ್ಕ್, ನನ್ನ ರಿಮ್ಮಿಗೆ ಮಾಡಿದ್ದು. 16 ಇಂಚಿನ ರಿಮ್ ಒಳಗೆ ಕ್ಯಾಲಿಪರ್‌ಗೆ ಉಳಿದಿರುವುದು 5 ಮಿ.ಮೀ. ಜಾಗ. ಮಾವನ ಗಾಡಿ ತಗೊಂಡು ಒಂದು ಭಾನುವಾರ ಬನ್ನಿ, ರಟ್ಟು ಕತ್ತರಿಸಿ ಅಳತೆ ತೆಗೆಯೋಣ. ಪೀಣ್ಯದವರೂ ಬರುತ್ತೇನೆ ಅಂದಿದ್ದಾರೆ.